ಸಾವಿರಕ್ಕೆ ಮೂರು ಪರಮಾಣು: ಪೆರೋವ್‌ಸ್ಕೈಟ್ ಆಕ್ಸೈಡ್‌ಗಳ ಚಿಟಿಕೆ ಲೆಕ್ಕ

ಹೋದ ತಿಂಗಳು ಮೈಸೂರಿನ ನಮ್ಮ ಮನೆಯಲ್ಲಿ ಫ್ರಿಜ್ ಕೆಟ್ಟಿತು. ಒಳಗೆ ಲೈಟ್ ಉರಿಯುತ್ತಿತ್ತು. ಕಂಪ್ರೆಸರ್ ಮಾತ್ರ ಎರಡು ಸೆಕೆಂಡ್ ಗುಂಯ್ ಅಂದು ಸುಮ್ಮನಾಗುತ್ತಿತ್ತು. ಅಗ್ರಹಾರದ ಕಡೆಯಿಂದ ಬಂದ ಮೆಕ್ಯಾನಿಕ್ ಹುಡುಗ ಹಿಂದಿನ ಮುಚ್ಚಳ ಬಿಚ್ಚಿದ. ಕಂಪ್ರೆಸರ್‌ಗೆ ಅಂಟಿಕೊಂಡಿದ್ದ ಪುಟ್ಟ ಕಪ್ಪು ಡಬ್ಬಿ ಕಿತ್ತು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಗಲಗಲ ಸದ್ದು. "ರಿಲೇ ಹೋಗಿದೆ ಮೇಡಂ, ಒಳಗಿರೋ ಪಿಟಿಸಿ ಒಡೆದಿದೆ" ಅಂದ. ಹೊಸದು ಹಾಕಿ ಹೋಗುವಾಗ ಇನ್ನೊಂದು ಮಾತು ಹೇಳಿದ. "ಕರೆಂಟ್ ಹೋಗಿ ತಕ್ಷಣ ಬಂದ್ರೆ ಐದು ನಿಮಿಷ ಬಿಟ್ಟು ಆನ್ ಮಾಡಿ. ಅದು ಆರಬೇಕು."

ಒಡೆದ ಡಬ್ಬಿಯನ್ನು ನಾನು ಇಸಿದುಕೊಂಡೆ. ಒಳಗೆ ನಾಣ್ಯದಂಥ ಒಂದು ಬಿಲ್ಲೆ ಮೂರು ಚೂರಾಗಿತ್ತು. ಹುಡುಗ ಪಿಟಿಸಿ ಅಂದದ್ದು ಇದನ್ನೇ. ಅದು ಬೇರಿಯಮ್ ಟೈಟನೇಟ್. ಶುದ್ಧವಾಗಿದ್ದರೆ ಅದರಲ್ಲಿ ಕರೆಂಟ್ ಹರಿಯುವುದೇ ಇಲ್ಲ, ಪಿಂಗಾಣಿ ಇದ್ದ ಹಾಗೆ. ಆದರೆ ಸಾವಿರ ಬೇರಿಯಮ್ ಪರಮಾಣುಗಳಲ್ಲಿ ಎರಡು ಮೂರನ್ನು ತೆಗೆದು, ಆ ಜಾಗದಲ್ಲಿ ಲ್ಯಾಂಥನಮ್ ಕೂರಿಸಿದರೆ ಕರೆಂಟ್ ಹರಿಯುತ್ತದೆ. ಹರಿಯುತ್ತಾ ಬಿಲ್ಲೆ ಬಿಸಿಯಾಗುತ್ತದೆ. 120 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಅದರ ರೋಧ ಸಾವಿರಾರು ಪಟ್ಟು ಏರಿ ತಾನಾಗಿಯೇ ಕರೆಂಟ್ ತಡೆಯುತ್ತದೆ. ಕಂಪ್ರೆಸರ್ ಮೋಟಾರಿಗೆ ಶುರುವಿನಲ್ಲಿ ಒಂದು ತಳ್ಳು ಕೊಟ್ಟು ಪಕ್ಕಕ್ಕೆ ಸರಿಯುವುದು ಈ ಬಿಲ್ಲೆಯ ಕೆಲಸ. ಹುಡುಗ "ಆರಬೇಕು" ಅಂದದ್ದು ಇದಕ್ಕೇ. ಬಿಸಿ ಇಳಿಯದೆ ಅದು ಮತ್ತೆ ದಾರಿ ಬಿಡುವುದಿಲ್ಲ.

ಸಾವಿರಕ್ಕೆ ಎರಡು ಮೂರು. ಈ ಲೆಕ್ಕ ನನ್ನನ್ನು ಇಪ್ಪತ್ತು ವರ್ಷದಿಂದ ಹಿಡಿದಿಟ್ಟಿದೆ. ಮಂಡ್ಯದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಹೀಗೆ ಹರಳಿಗೆ ಚೂರೇ ಚೂರು ಬೇರೆ ಪರಮಾಣು ಬೆರೆಸುವುದಕ್ಕೆ ಡೋಪಿಂಗ್ ಅನ್ನುತ್ತಾರೆ. ಡೋಪಿಂಗ್ ಅಂದ ಕೂಡಲೇ ಮಕ್ಕಳಿಗೆ ಓಟಗಾರರ ಮಾತ್ರೆ ನೆನಪಾಗುತ್ತದೆ. ನಾನು ಅದನ್ನು ಚಿಟಿಕೆ ಬೆರಕೆ ಅನ್ನುತ್ತೇನೆ. ಕಲಬೆರಕೆ ಬೇರೆ, ಇದು ಬೇರೆ. ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆಗೆ ಎಷ್ಟು ಸುಣ್ಣ ಬೀಳಬೇಕು ಅನ್ನುವುದು ಬೆಲ್ಲ ಕಾಯಿಸುವವರಿಗೆ ಗೊತ್ತು. ಕಮ್ಮಿಯಾದರೆ ಬೆಲ್ಲ ಗಟ್ಟಿಯಾಗುವುದಿಲ್ಲ, ಜಾಸ್ತಿಯಾದರೆ ಬಣ್ಣ ಕಪ್ಪಾಗುತ್ತದೆ. ಆದರೆ ಸುಣ್ಣ ಕಬ್ಬಿನ ಹಾಲಿನ ಕೊಳೆ ತೆಗೆದು ಮಡ್ಡಿಯ ಜೊತೆ ಬಹುಪಾಲು ಹೊರಗೆ ಹೋಗುತ್ತದೆ. ಡೋಪಿಂಗ್‌ನಲ್ಲಿ ಬೆರೆಸಿದ್ದು ಹರಳಿನೊಳಗೇ ಹೋಗಿ, ಇನ್ನೊಂದು ಪರಮಾಣುವಿನ ಜಾಗದಲ್ಲಿ ಕಾಯಂ ಆಗಿ ಕೂರುತ್ತದೆ.

ಈಗ ಇದನ್ನು ಬರೆಯಲು ಕಾರಣ ಇದೆ. 2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳನ್ನು ದೇಶದಲ್ಲೇ ಮಾಡಿಸಲು 22,919 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಆ ಬಿಡಿಭಾಗಗಳಲ್ಲಿ, ವಿದ್ಯುತ್ತನ್ನು ಕೂಡಿಟ್ಟು ಬೇಕಾದಾಗ ಬಿಡುವ ಕೆಪಾಸಿಟರ್ ಕೂಡ ಇದೆ. ಅದಾದ ಒಂದೇ ವಾರಕ್ಕೆ, ಏಪ್ರಿಲ್ 4ರಂದು, ಚೀನಾ ಏಳು ವಿರಳ ಭಸ್ಮ ಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ನಮ್ಮ ಸುದ್ದಿಗಳಲ್ಲಿ ಇದು ಬಂದದ್ದು ಕಾರು, ಸ್ಕೂಟರ್ ಮೋಟಾರಿನ ಮ್ಯಾಗ್ನೆಟ್ ಕೊರತೆಯಾಗಿ. ಅದು ನಿಜವೇ. ಆದರೆ ಆ ಪಟ್ಟಿಯಲ್ಲಿದ್ದ ಡಿಸ್ಪ್ರೋಸಿಯಮ್ ಮತ್ತು ಇಟ್ರಿಯಮ್ ನಿಮ್ಮ ಕೈಯಲ್ಲಿರುವ ಫೋನಿನ ಕೆಪಾಸಿಟರ್‌ಗಳಿಗೂ ಬೇಕು, ಚಿಟಿಕೆಯಷ್ಟು. ಆ ಚಿಟಿಕೆ ಬಗ್ಗೆ ಮಾತಾಡಿದವರು ಕಮ್ಮಿ.

ಬೇರಿಯಮ್ ಟೈಟನೇಟ್ ಪೆರೋವ್‌ಸ್ಕೈಟ್ ಅನ್ನುವ ಕುಟುಂಬಕ್ಕೆ ಸೇರಿದ್ದು. ಮೊದಲು ಈ ಪೆರೋವ್‌ಸ್ಕೈಟ್ ಅಂದರೇನು ನೋಡೋಣ. 1839ರಲ್ಲಿ ರಷ್ಯಾದ ಯೂರಲ್ ಬೆಟ್ಟಗಳಿಂದ ಬಂದ ಒಂದು ಖನಿಜವನ್ನು ಜರ್ಮನಿಯ ಗುಸ್ಟಾವ್ ರೋಸ್ ಗುರುತಿಸಿದರು. ಅದು ಕ್ಯಾಲ್ಸಿಯಮ್ ಟೈಟನೇಟ್. ಖನಿಜಗಳಲ್ಲಿ ಆಸಕ್ತಿ ಇದ್ದ ಲೆವ್ ಪೆರೋವ್‌ಸ್ಕಿ ಅನ್ನುವ ರಷ್ಯನ್ ಅಧಿಕಾರಿಯ ಹೆಸರು ಅದಕ್ಕೆ ಬಂತು. ಅದೇ ಅಚ್ಚಿನಲ್ಲಿ ಜೋಡಣೆಯಾದ ಎಲ್ಲ ವಸ್ತುಗಳಿಗೂ ಈಗ ಇದೇ ಹೆಸರು. ಒಂದು ಘನಾಕೃತಿಯ ಪೆಟ್ಟಿಗೆ ಊಹಿಸಿಕೊಳ್ಳಿ. ಎಂಟು ಮೂಲೆಗಳಲ್ಲಿ ದೊಡ್ಡ ಪರಮಾಣು, ಇದು ಎ ಜಾಗ. ನಟ್ಟನಡುವೆ ಚಿಕ್ಕ ಲೋಹದ ಪರಮಾಣು, ಇದು ಬಿ ಜಾಗ. ಪೆಟ್ಟಿಗೆಯ ಆರು ಮುಖಗಳ ಮಧ್ಯೆ ಒಂದೊಂದು ಆಮ್ಲಜನಕ. ಈ ಅಚ್ಚಿನ ದೊಡ್ಡ ಗುಣ ಅದರ ತಾಳ್ಮೆ. ಮೂಲೆಯಲ್ಲಿ ಬೇರಿಯಮ್ ಬದಲು ಸ್ಟ್ರಾಂಷಿಯಮ್, ಸೀಸ, ಲ್ಯಾಂಥನಮ್ ಕೂರಿಸಿ. ನಡುವೆ ಟೈಟಾನಿಯಮ್ ಬದಲು ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್ ಇಡಿ. ಅಳತೆ ತೀರಾ ಹೆಚ್ಚುಕಮ್ಮಿ ಆಗದಿದ್ದರೆ ಪೆಟ್ಟಿಗೆ ಸ್ವಲ್ಪ ಓರೆಯಾಗಿ ಎಲ್ಲವನ್ನೂ ಹಿಡಿಸಿಕೊಳ್ಳುತ್ತದೆ. ಎಷ್ಟು ಓರೆಯನ್ನು ತಡೆದೀತು ಅನ್ನುವ ಲೆಕ್ಕವನ್ನು ಗೋಲ್ಡ್‌ಸ್ಮಿತ್ 1926ರಲ್ಲೇ ಕೊಟ್ಟಿದ್ದರು.

ಮತ್ತೆ ಬೇರಿಯಮ್ ಟೈಟನೇಟ್‌ಗೆ ಬರುತ್ತೇನೆ. ಫ್ರಿಜ್ ಬಿಲ್ಲೆಯಲ್ಲಿ ಆಗುವುದು ಇಷ್ಟು. ಬೇರಿಯಮ್ ಎರಡು ಎಲೆಕ್ಟ್ರಾನ್ ಕೊಡುತ್ತದೆ, ಲ್ಯಾಂಥನಮ್ ಮೂರು ಕೊಡುತ್ತದೆ. ಆ ಹೆಚ್ಚಿನ ಒಂದು ಎಲೆಕ್ಟ್ರಾನ್‌ಗೆ ಖಾಯಂ ಜಾಗ ಇಲ್ಲ. ಅದು ಓಡಾಡುತ್ತದೆ, ಅದೇ ಕರೆಂಟ್. ಹಾಗಾದರೆ ಲ್ಯಾಂಥನಮ್ ಹೆಚ್ಚಿಸುತ್ತಾ ಹೋದರೆ ಕರೆಂಟೂ ಹೆಚ್ಚಬೇಕಲ್ವಾ? ಇಲ್ಲ. ಸಾವಿರಕ್ಕೆ ಸುಮಾರು ಐದು ದಾಟಿದರೆ ಬಿಲ್ಲೆ ಮತ್ತೆ ಅವಾಹಕ ಆಗುತ್ತದೆ. ಅಲ್ಲಿಂದಾಚೆಗೆ ಹರಳು ಹೆಚ್ಚಿನ ಎಲೆಕ್ಟ್ರಾನ್ ಇಟ್ಟುಕೊಳ್ಳುವ ಬದಲು, ಲೋಹದ ಪರಮಾಣುಗಳ ಕೆಲವು ಜಾಗಗಳನ್ನೇ ಖಾಲಿ ಬಿಟ್ಟು ಲೆಕ್ಕ ಸರಿಮಾಡಿಕೊಳ್ಳುತ್ತದೆ. ಕಣಗಳೂ ಸಣ್ಣದಾಗುತ್ತವೆ. ಮೂರಕ್ಕೂ ಐದಕ್ಕೂ ನಡುವೆ ಇರುವ ಅಂತರದಲ್ಲೇ ಒಂದು ಉದ್ಯಮ ನಿಂತಿದೆ. ಬೇರಿಯಮ್ ಜಾಗಕ್ಕೆ ಸ್ವಲ್ಪ ಸ್ಟ್ರಾಂಷಿಯಮ್ ಸೇರಿಸಿದರೆ 120 ಡಿಗ್ರಿಯ ಗಡಿ ಕೆಳಗಿಳಿಯುತ್ತದೆ, ಸೀಸ ಸೇರಿಸಿದರೆ ಮೇಲೇರುತ್ತದೆ. ಯಾವ ಯಂತ್ರಕ್ಕೆ ಯಾವ ಬಿಸಿಯಲ್ಲಿ ಕರೆಂಟ್ ನಿಲ್ಲಬೇಕೋ ಅದಕ್ಕೆ ತಕ್ಕ ಹದ.

ಫೋನಿನ ಕೆಪಾಸಿಟರ್ ಕತೆ ಇನ್ನೂ ಸೂಕ್ಷ್ಮ. ಒಂದು ಒಳ್ಳೆ ಸ್ಮಾರ್ಟ್‌ಫೋನಿನಲ್ಲಿ ಇಂಥ ಪದರ ಕೆಪಾಸಿಟರ್‌ಗಳು ಹತ್ತಿರಹತ್ತಿರ ಸಾವಿರ ಇರುತ್ತವೆ. ಸಾಸಿವೆ ಕಾಳಿಗಿಂತ ಚಿಕ್ಕವು. ಒಂದೊಂದರೊಳಗೂ ಬೇರಿಯಮ್ ಟೈಟನೇಟ್ ಮತ್ತು ನಿಕಲ್ ಒಂದರ ಮೇಲೊಂದರಂತೆ ನೂರಾರು ಪದರ. ಪದರದ ದಪ್ಪ ಒಂದು ಮೈಕ್ರಾನ್‌ಗಿಂತ ಕಮ್ಮಿ. ಸುಡುವಾಗ ನಿಕಲ್ ತುಕ್ಕು ಹಿಡಿಯಬಾರದು ಅಂತ ಕುಲುಮೆಯಲ್ಲಿ ಆಮ್ಲಜನಕ ಕಮ್ಮಿ ಇಡುತ್ತಾರೆ. ಆಗ ಬೇರಿಯಮ್ ಟೈಟನೇಟ್ ತನ್ನ ಆಮ್ಲಜನಕವನ್ನೇ ಕಳೆದುಕೊಳ್ಳುತ್ತದೆ. ಆ ಖಾಲಿ ಜಾಗಗಳು ವೋಲ್ಟೇಜ್ ಕೊಟ್ಟಾಗ ನಿಧಾನಕ್ಕೆ ಸರಿಯುತ್ತಾ ಹೋಗಿ, ಬೇಗನೇ ಕೆಪಾಸಿಟರ್ ಒಳಗಿಂದ ಕರೆಂಟ್ ಸೋರಲು ಶುರುವಾಗುತ್ತದೆ. ಇದನ್ನು ತಡೆಯುವುದು ಡಿಸ್ಪ್ರೋಸಿಯಮ್, ಹೋಲ್ಮಿಯಮ್, ಇಟ್ರಿಯಮ್. ಇವುಗಳ ಗಾತ್ರ ಬೇರಿಯಮ್‌ಗಿಂತ ಚಿಕ್ಕದು, ಟೈಟಾನಿಯಮ್‌ಗಿಂತ ದೊಡ್ಡದು. ಹಾಗಾಗಿ ಎರಡೂ ಜಾಗದಲ್ಲಿ ಕೂರಬಲ್ಲವು. ಕೂತು, ಆ ಖಾಲಿ ಜಾಗಗಳ ಓಡಾಟವನ್ನು ತಗ್ಗಿಸುತ್ತವೆ. ಕೆಪಾಸಿಟರ್ ವರ್ಷಗಟ್ಟಲೆ ಬಾಳುತ್ತದೆ.

ನನ್ನ ಆತಂಕ ಇಲ್ಲೇ ಇರುವುದು. ಪದರ ಹಾಸುವ ಯಂತ್ರವನ್ನು ದುಡ್ಡು ಕೊಟ್ಟು ತರಬಹುದು. ಕಟ್ಟಡ ಕಟ್ಟಬಹುದು. ಆದರೆ ಹದವಾಗಿ ಬೆರಕೆ ಮಾಡಿದ ಪುಡಿಯನ್ನು ಹೊರಗಿನಿಂದಲೇ ತರಿಸುವುದಾದರೆ, ನಾವು ಮಾಡುವುದು ಜೋಡಣೆ ಮಾತ್ರ. ಬೇರಿಯಮ್ ಟೈಟನೇಟ್ ಏನು ಅನ್ನುವುದು ಎಪ್ಪತ್ತೈದು ವರ್ಷದಿಂದ ಎಲ್ಲರಿಗೂ ಗೊತ್ತು. ಚಿಟಿಕೆ ಎಷ್ಟು, ಯಾವಾಗ, ಯಾವ ಗಾಳಿಯಲ್ಲಿ ಅನ್ನುವುದೇ ಗುಟ್ಟು.

ಇಷ್ಟು ಹೊತ್ತು ಕರೆಂಟಿನ ಮಾತಾಯಿತು. ಮ್ಯಾಗ್ನೆಟ್ ಗುಣವೂ ಇದೇ ಚಿಟಿಕೆಯಿಂದ ಬದಲಾಗುತ್ತದೆ, ಮತ್ತು ಅದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಲ್ಯಾಂಥನಮ್ ಮ್ಯಾಂಗನೈಟ್ ತಗೊಳ್ಳಿ. ಮೂಲೆಗಳಲ್ಲಿ ಲ್ಯಾಂಥನಮ್, ನಡುವೆ ಮ್ಯಾಂಗನೀಸ್. ಇದು ಕರೆಂಟ್ ಬಿಡುವುದಿಲ್ಲ, ಮ್ಯಾಗ್ನೆಟ್‌ಗೂ ಅಂಟುವುದಿಲ್ಲ. ಮೈನಸ್ 133 ಡಿಗ್ರಿಗಿಂತ ಕೆಳಗೆ ಇದರ ಪರಮಾಣುಗಳ ಕಾಂತ ದಿಕ್ಕುಗಳು ಪದರಕ್ಕೊಂದರಂತೆ ಎದುರುಬದುರು ನಿಂತು ಒಂದನ್ನೊಂದು ಅಳಿಸಿಹಾಕುತ್ತವೆ.

ಇದನ್ನು ನಾನು ಹಳೇ ಮೈಸೂರಿನ ವಠಾರ ಹೇಳಿ ವಿವರಿಸುತ್ತೇನೆ. ಸಾಲು ಮನೆಗಳು, ಪ್ರತಿ ಮನೆಯೂ ಒಂದು ಮ್ಯಾಂಗನೀಸ್. ಮನೆಯಲ್ಲಿ ಮೂವರು ಖಾಯಂ ವಾಸಿಗಳು, ಒಬ್ಬ ಅತಿಥಿ. ಎಲ್ಲರೂ ಎಲೆಕ್ಟ್ರಾನ್‌ಗಳೇ. ಅತಿಥಿ ಪಕ್ಕದ ಮನೆಗೆ ಹೋಗಬೇಕೆಂದರೆ ಅಲ್ಲಿ ಆಗಲೇ ಒಬ್ಬ ಅತಿಥಿ ಇದ್ದಾನೆ. ಒಂದು ಮನೆಗೆ ಇಬ್ಬರು ಅತಿಥಿಗಳು ಹಿಡಿಸುವುದಿಲ್ಲ. ಯಾರೂ ಅಲ್ಲಾಡುವ ಹಾಗಿಲ್ಲ. ಅಲ್ಲಾಟ ಇಲ್ಲದಿದ್ದರೆ ಕರೆಂಟ್ ಇಲ್ಲ.

ಈಗ ಹತ್ತು ಲ್ಯಾಂಥನಮ್‌ನಲ್ಲಿ ಮೂರನ್ನು ತೆಗೆದು ಸ್ಟ್ರಾಂಷಿಯಮ್ ಇಡಿ. ಸ್ಟ್ರಾಂಷಿಯಮ್ ಕೊಡುವುದು ಒಂದು ಎಲೆಕ್ಟ್ರಾನ್ ಕಮ್ಮಿ. ಹಾಗಾಗಿ ಹತ್ತು ಮನೆಗಳಲ್ಲಿ ಮೂರರಲ್ಲಿ ಅತಿಥಿ ಇಲ್ಲ. ಉಳಿದ ಏಳು ಜನಕ್ಕೆ ಓಡಾಡಲು ಜಾಗ ಸಿಕ್ಕಿತು. ಆದರೆ ಒಂದು ಕಟ್ಟುಪಾಡು ಇದೆ. ಅತಿಥಿಯ ಕಾಂತ ದಿಕ್ಕು ಮನೆಯ ಮೂವರ ದಿಕ್ಕಿಗೆ ಹೊಂದಬೇಕು. ಪಕ್ಕದ ಮನೆಯವರು ಎದುರು ದಿಕ್ಕಿಗೆ ಮುಖ ಮಾಡಿದ್ದರೆ ಅವನಿಗೆ ಒಳಗೆ ಪ್ರವೇಶ ಇಲ್ಲ. ಓಡಾಟ ನಡೆದರೆ ಇಡೀ ಹರಳಿಗೆ ಶಕ್ತಿ ಉಳಿತಾಯ. ಆದ್ದರಿಂದ ಮನೆಗಳೆಲ್ಲ ಒಂದೇ ದಿಕ್ಕಿಗೆ ತಿರುಗಿಕೊಳ್ಳುತ್ತವೆ. ಎಲ್ಲ ಒಂದೇ ದಿಕ್ಕು ಅಂದರೆ ಮ್ಯಾಗ್ನೆಟ್. ಓಡಾಟ ಅಂದರೆ ಕರೆಂಟ್. ಒಂದೇ ಬೆರಕೆಯಿಂದ ಎರಡೂ ಒಟ್ಟಿಗೆ ಹುಟ್ಟಿದವು. 1950ರಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಯಾಂಕರ್ ಮತ್ತು ವಾನ್ ಸ್ಯಾಂಟನ್ ಇದನ್ನು ಕಂಡರು. ಮುಂದಿನ ವರ್ಷವೇ ಕ್ಲಾರೆನ್ಸ್ ಜೀನರ್ ಈ ಓಡಾಟದ ವಿವರಣೆ ಕೊಟ್ಟರು. ನಿಜದಲ್ಲಿ ಎಲೆಕ್ಟ್ರಾನ್ ಅತಿಥಿಯಂತೆ ಒಂದು ಮನೆಯಲ್ಲಿ ಕೂತಿರುವುದಿಲ್ಲ, ಅಲೆಯಂತೆ ಹರಡಿರುತ್ತದೆ. ಆದರೂ ಲೆಕ್ಕ ಇದೇ ದಾರಿಯಲ್ಲಿ ಸಾಗುತ್ತದೆ.

ಈ ಸ್ಟ್ರಾಂಷಿಯಮ್ ಬೆರಕೆಯ ಮ್ಯಾಗ್ನೆಟ್ ಗುಣ ಸುಮಾರು 97 ಡಿಗ್ರಿಯವರೆಗೆ ಇರುತ್ತದೆ. ಈಗ ಬರೀ ಸ್ಟ್ರಾಂಷಿಯಮ್ ಬದಲು ಕ್ಯಾಲ್ಸಿಯಮ್ ಹಾಕಿ. ಅದೇ ಹತ್ತಕ್ಕೆ ಮೂರು, ಅದೇ ಒಂದು ಎಲೆಕ್ಟ್ರಾನ್ ಕಮ್ಮಿ. ಗುಣ ಒಂದೇ ಆಗಬೇಕಿತ್ತು. ಆಗುವುದಿಲ್ಲ. ಅದರ ಗಡಿ ಮೈನಸ್ 23 ಡಿಗ್ರಿಯ ಆಸುಪಾಸು. ನೂರಿಪ್ಪತ್ತು ಡಿಗ್ರಿ ವ್ಯತ್ಯಾಸ! ಕಾರಣ ಗಾತ್ರ. ಕ್ಯಾಲ್ಸಿಯಮ್ ಚಿಕ್ಕದು. ಮೂಲೆಯಲ್ಲಿ ಜಾಗ ಸಡಿಲವಾಗಿ ಪೆಟ್ಟಿಗೆ ಓರೆಯಾಗುತ್ತದೆ. ಎರಡು ಮ್ಯಾಂಗನೀಸ್‌ಗಳ ನಡುವೆ ಆಮ್ಲಜನಕದ ಮೂಲಕ ಹೋಗುವ ಓಣಿ ನೇರವಾಗಿದ್ದರೆ 180 ಡಿಗ್ರಿ ಕೋನ. ಈಗ ಅದು 160ರ ಹತ್ತಿರಕ್ಕೆ ಬಾಗಿತು. ಓಣಿ ಸೊಟ್ಟಗಾದರೆ ಓಡಾಟ ಕಷ್ಟ, ಮ್ಯಾಗ್ನೆಟ್ ಬೇಗ ಸೋಲುತ್ತದೆ.

ಇದನ್ನು ತರಗತಿಯಲ್ಲಿ ತೋರಿಸುವುದು ನನಗೆ ಹಬ್ಬ. ಎರಡು ಕಪ್ಪು ಬಿಲ್ಲೆಗಳು, ಕಣ್ಣಿಗೆ ಒಂದೇ ಥರ. ಒಂದು ಮ್ಯಾಗ್ನೆಟ್‌ಗೆ ಟಕ್ಕನೆ ಅಂಟುತ್ತದೆ, ಇನ್ನೊಂದು ಅಂಟುವುದಿಲ್ಲ. ಅಂಟಿದ್ದನ್ನು ದಾರಕ್ಕೆ ಕಟ್ಟಿ ಕುದಿಯುವ ನೀರಿಗೆ ಇಳಿಸುತ್ತೇನೆ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರ, ನಮ್ಮಲ್ಲಿ ನೀರು ಕುದಿಯುವುದೂ ಹೆಚ್ಚುಕಮ್ಮಿ ಆ ಗಡಿಯ ಹತ್ತಿರವೇ, 98 ಡಿಗ್ರಿಯ ಆಸುಪಾಸು. ಎರಡು ನಿಮಿಷ ಬಿಟ್ಟು ಮೇಲೆತ್ತಿದ ಕೂಡಲೇ ಮ್ಯಾಗ್ನೆಟ್ ಹತ್ತಿರ ಹಿಡಿದರೆ ಎಳೆತ ಬಹುತೇಕ ಹೋಗಿರುತ್ತದೆ. ನೋಡ್ತಾ ನೋಡ್ತಾ ತಣ್ಣಗಾಗುತ್ತಿದ್ದಂತೆ ದಾರ ನಿಧಾನಕ್ಕೆ ಓರೆಯಾಗುತ್ತದೆ. ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ.

ಈ ವಸ್ತುಗಳ ಬಗ್ಗೆ ಜಗತ್ತು ಮತ್ತೆ ಮುಗಿಬಿದ್ದದ್ದು 1994ರಲ್ಲಿ. ಕ್ಯಾಲ್ಸಿಯಮ್ ಬೆರಕೆಯ ತೆಳು ಪದರಕ್ಕೆ 6 ಟೆಸ್ಲಾ ಕಾಂತಕ್ಷೇತ್ರ ಕೊಟ್ಟಾಗ ರೋಧ ಸಾವಿರ ಪಟ್ಟಿಗೂ ಜಾಸ್ತಿ ಇಳಿಯಿತು. ವಠಾರದ ಭಾಷೆಯಲ್ಲಿ, ಹೊರಗಿನ ಕಾಂತಕ್ಷೇತ್ರ ಮನೆಗಳ ಮುಖವನ್ನು ತಿರುಗಿಸಿ ಓಣಿ ತೆರೆಯಿತು. ಹಾರ್ಡ್ ಡಿಸ್ಕ್‌ನಲ್ಲಿ ಬಳಸಬಹುದು ಅನ್ನುವ ಆಸೆ ಹುಟ್ಟಿತು. ಆದರೆ 6 ಟೆಸ್ಲಾ ಅಂದರೆ ಆಸ್ಪತ್ರೆಯ 1.5 ಟೆಸ್ಲಾ ಎಂಆರ್‌ಐ ಯಂತ್ರದ ನಾಲ್ಕು ಪಟ್ಟು. ಡಿಸ್ಕ್‌ನೊಳಗೆ ಅಷ್ಟು ಎಲ್ಲಿಂದ ಬರಬೇಕು? ಆ ಜಾಗವನ್ನು ಲೋಹದ ಪದರಗಳು ತುಂಬಿದವು. ಮ್ಯಾಂಗನೈಟ್ ಕೈಗೆ ಬಂದದ್ದು ಬೇರೆ ಕಡೆ. 800 ಡಿಗ್ರಿ ದಾಟಿದ ಬಿಸಿಯಲ್ಲಿ ಇಂಧನದಿಂದ ನೇರವಾಗಿ ವಿದ್ಯುತ್ ತೆಗೆಯುವ ಘನ ಆಕ್ಸೈಡ್ ಇಂಧನ ಕೋಶಗಳಲ್ಲಿ ಸ್ಟ್ರಾಂಷಿಯಮ್ ಬೆರೆತ ಮ್ಯಾಂಗನೈಟ್ ಇವತ್ತಿಗೂ ಧನ ವಿದ್ಯುದ್ವಾರ.

ನಡುವಿನ ಬಿ ಜಾಗವನ್ನು ಮುಟ್ಟಿದರೆ ಪರಿಣಾಮ ಇನ್ನೂ ಒರಟು. ಮ್ಯಾಂಗನೀಸ್ ಬದಲು ಕಬ್ಬಿಣ ಇಟ್ಟರೆ ಗಾತ್ರ ಬಹುತೇಕ ಒಂದೇ, ಪೆಟ್ಟಿಗೆ ಓರೆಯಾಗುವುದಿಲ್ಲ. ಆದರೆ ಕಬ್ಬಿಣದ ಮನೆ ಅತಿಥಿಯನ್ನು ಸೇರಿಸುವುದಿಲ್ಲ. ಓಣಿಯ ಮಧ್ಯೆ ಗೋಡೆ ಎದ್ದ ಹಾಗೆ. ನೂರಕ್ಕೆ ಕೆಲವೇ ಪಾಲು ಕಬ್ಬಿಣ ಸೇರಿದರೂ ಮ್ಯಾಗ್ನೆಟ್ ಗಡಿ ಕುಸಿಯುತ್ತದೆ, ರೋಧ ಏರುತ್ತದೆ.

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಬಿಎಸ್ಸಿ ಪಡೆದ ಸಿ.ಎನ್.ಆರ್. ರಾವ್ ಅವರು ಮ್ಯಾಂಗನೈಟ್‌ಗಳನ್ನೂ ಇತರ ಪೆರೋವ್‌ಸ್ಕೈಟ್ ಆಕ್ಸೈಡ್‌ಗಳನ್ನೂ ದಶಕಗಳ ಕಾಲ ಅಧ್ಯಯನ ಮಾಡಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರು 1980ರ ದಶಕದಲ್ಲಿ ದಹನ ವಿಧಾನ ರೂಪಿಸಿದರು. ಲೋಹದ ನೈಟ್ರೇಟ್‌ಗಳನ್ನು ಯೂರಿಯಾ ಜೊತೆ ನೀರಲ್ಲಿ ಕರಗಿಸಿ ಬಿಸಿ ಕುಲುಮೆಗೆ ಇಡುವುದು. ಗದ್ದೆಗೆ ಹಾಕುವ ಅದೇ ಯೂರಿಯಾ. ದ್ರಾವಣ ಕುದಿದು, ನೊರೆ ಬಂದು, ಭುಗ್ಗನೆ ಹತ್ತಿಕೊಂಡು ಐದು ನಿಮಿಷದಲ್ಲಿ ಹಗುರವಾದ ಆಕ್ಸೈಡ್ ಪುಡಿ ಉಳಿಯುತ್ತದೆ. ಎಲ್ಲ ಧಾತುಗಳೂ ದ್ರಾವಣದಲ್ಲೇ ಬೆರೆತಿರುವುದರಿಂದ ಚಿಟಿಕೆ ಎಲ್ಲ ಕಡೆ ಸಮನಾಗಿ ಹರಡುತ್ತದೆ. ದುಬಾರಿ ಯಂತ್ರ ಬೇಡ. ನಮ್ಮಂಥ ಕಾಲೇಜುಗಳಿಗೆ ಇದು ನಿಜವಾದ ಉಪಕಾರ.

ಆದರೆ ಸುಲಭ ಅನ್ನುವುದರಲ್ಲೇ ಅಪಾಯವೂ ಇದೆ. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಪ್ರಯೋಗಾಲಯದಲ್ಲಿ ಆಷಾಢದ ಮಳೆ ದಿನಗಳಲ್ಲಿ ಮ್ಯಾಂಗನೈಟ್ ಮಾಡುತ್ತಿದ್ದೆ. ಲ್ಯಾಂಥನಮ್ ಆಕ್ಸೈಡ್ ಬಾಟಲಿ ಮುಚ್ಚಳ ಸಡಿಲವಾಗಿ ತಿಂಗಳುಗಟ್ಟಲೆ ಅಲಮಾರಿಯಲ್ಲಿತ್ತು. ತೂಗಿದೆ, ಬೆರೆಸಿದೆ, ಸುಟ್ಟೆ. ಬಂದ ಅಂಕಿ ಯಾವ ಪುಸ್ತಕಕ್ಕೂ ಹೊಂದಲಿಲ್ಲ. ನಾಲ್ಕು ತಿಂಗಳು ಕುಲುಮೆಯನ್ನು ಅನುಮಾನಿಸಿದೆ. ತಪ್ಪು ಇದ್ದದ್ದು ತಕ್ಕಡಿಯ ಮೇಲೆ. ಲ್ಯಾಂಥನಮ್ ಆಕ್ಸೈಡ್ ಗಾಳಿಯ ತೇವ ಹೀರಿ ಹೈಡ್ರಾಕ್ಸೈಡ್ ಆಗುತ್ತದೆ. ಪೂರ್ತಿ ಹಾಗಾದರೆ ನೂರು ಗ್ರಾಂನಲ್ಲಿ ಹದಿನಾಲ್ಕು ಗ್ರಾಂ ನೀರೇ. ನೂರಕ್ಕೆ ಐದರ ಬೆರಕೆ ಅಳೆಯಲು ಹೊರಟವಳ ಕೈಯಲ್ಲಿ ಹದಿನಾಲ್ಕರ ತಪ್ಪು ಇತ್ತು. ತೂಗುವ ಮೊದಲು ಅದನ್ನು ಸಾವಿರ ಡಿಗ್ರಿಯ ಹತ್ತಿರ ಕಾಯಿಸಿ, ತೇವ ತಗುಲದಂತೆ ಆರಿಸಬೇಕು ಅಂತ ಅಲ್ಲಿ ಯಾರೂ ಹೇಳಿರಲಿಲ್ಲ. ಆ ನಾಲ್ಕು ತಿಂಗಳು ಇವತ್ತಿಗೂ ನೋಯುತ್ತದೆ. ಅದಕ್ಕೇ ನನ್ನ ಮಕ್ಕಳಿಗೆ ಮೊದಲ ದಿನವೇ ಇದನ್ನು ಹೇಳುತ್ತೇನೆ.

ಇದಕ್ಕಿಂತ ಮೋಸದ್ದು ಆಮ್ಲಜನಕ. ಲ್ಯಾಂಥನಮ್ ಮ್ಯಾಂಗನೈಟ್ ಅನ್ನು ಏನೂ ಬೆರೆಸದೆ ಬರೀ ಗಾಳಿಯಲ್ಲಿ ಸುಟ್ಟರೂ ಅದು ಹೆಚ್ಚಿನ ಆಮ್ಲಜನಕ ಎಳೆದುಕೊಂಡು ಕೆಲವು ಮನೆಗಳ ಅತಿಥಿಗಳನ್ನು ಹೊರಗೆ ಕಳಿಸುತ್ತದೆ. ಸ್ಟ್ರಾಂಷಿಯಮ್ ಇಲ್ಲದೆಯೇ ಮ್ಯಾಗ್ನೆಟ್ ಗುಣ ಬರುತ್ತದೆ. ಇನ್ನೊಂದು ಕಡೆ, ಸ್ಟ್ರಾಂಷಿಯಮ್ ಟೈಟನೇಟ್ ಬಣ್ಣವಿಲ್ಲದ ಅವಾಹಕ. ನಿರ್ವಾತದಲ್ಲಿ ಕಾಯಿಸಿ ಸ್ವಲ್ಪ ಆಮ್ಲಜನಕ ಕಳೆದರೆ ನೀಲಿಗಪ್ಪಾಗಿ ಕರೆಂಟ್ ಹರಿಸುತ್ತದೆ. 1964ರಲ್ಲಿ ಅದು ತೀರಾ ಕಡಿಮೆ ಉಷ್ಣತೆಯಲ್ಲಿ ಅತಿವಾಹಕ, ಅಂದರೆ ಒಂದಿಷ್ಟೂ ರೋಧವಿಲ್ಲದ ವಸ್ತು, ಆಗುವುದೂ ಕಂಡಿತು. ಹಾಗಾದರೆ ಒಂದು ಪ್ರಬಂಧದಲ್ಲಿ "ಸ್ಟ್ರಾಂಷಿಯಮ್ ಸೇರಿಸಿದ್ದರಿಂದ ಹೀಗಾಯಿತು" ಅಂತ ಬರೆದಿದ್ದರೆ, ಆಮ್ಲಜನಕ ಎಷ್ಟಿತ್ತು ಅಂತ ಕೇಳಬೇಕಲ್ವಾ? ಆ ಅಂಕಿ ಇಲ್ಲದಿದ್ದರೆ ಆ ಮಾತನ್ನು ನಾನು ನಂಬುವುದಿಲ್ಲ. 2023ರ ಜುಲೈನಲ್ಲಿ ಕೊರಿಯಾದಿಂದ ಎಲ್‌ಕೆ-99 ಅನ್ನುವ ವಸ್ತು ಮನೆಯ ಉಷ್ಣತೆಯಲ್ಲೇ ಅತಿವಾಹಕ ಅನ್ನುವ ಸುದ್ದಿ ಬಂತು. ಅದು ಪೆರೋವ್‌ಸ್ಕೈಟ್ ಅಲ್ಲ, ತಾಮ್ರ ಬೆರೆತ ಸೀಸದ ಖನಿಜ. ಕೆಲವೇ ವಾರಗಳಲ್ಲಿ ಗೊತ್ತಾಯಿತು, ರೋಧ ದಿಢೀರ್ ಇಳಿದದ್ದು ಅದರಲ್ಲಿ ಉಳಿದಿದ್ದ ತಾಮ್ರದ ಸಲ್ಫೈಡ್‌ನಿಂದ ಅಂತ.

ಯೋಜನೆಯ ಸಾವಿರಾರು ಕೋಟಿಯಲ್ಲಿ ಒಂದು ಪಾಲು ಪುಡಿ ಮಾಡುವ, ಅಳೆಯುವ ಕೆಲಸಕ್ಕೆ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಾನಸಗಂಗೋತ್ರಿಯಂಥ ಕಡೆ ದೊಡ್ಡ ಉಪಕರಣಗಳನ್ನು ಇಟ್ಟು, ಸುತ್ತಲಿನ ಮಂಡ್ಯ, ಚಾಮರಾಜನಗರದ ಕಾಲೇಜುಗಳ ಮಾದರಿಗಳನ್ನೂ ಅಲ್ಲಿ ಅಳೆಯುವ ವ್ಯವಸ್ಥೆ ಬೇಕು. ಬಣ್ಣದ ಚಿತ್ರಗಳಿರುವ ಪ್ರಬಂಧಗಳಿಗಿಂತ, ಸಾವಿರಕ್ಕೆ ಮೂರೋ ಐದೋ ಅಂತ ಖಚಿತವಾಗಿ ಹೇಳಬಲ್ಲ ಹತ್ತು ಕೈಗಳು ಕೆಪಾಸಿಟರ್ ಕಾರ್ಖಾನೆಗೆ ಜಾಸ್ತಿ ಉಪಯೋಗ.

ಎಲ್ಲದಕ್ಕೂ ದೊಡ್ಡ ಯಂತ್ರ ಕಾಯಬೇಕಾಗಿಲ್ಲ. ಮ್ಯಾಂಗನೈಟ್‌ನಲ್ಲಿ ಎಷ್ಟು ಮನೆ ಖಾಲಿ ಅನ್ನುವುದನ್ನು ಪಿಯುಸಿ ಲ್ಯಾಬಿನ ಬ್ಯುರೆಟ್‌ನಲ್ಲೇ ಅಳೆಯಬಹುದು. ಪುಡಿಯನ್ನು ಪೊಟ್ಯಾಸಿಯಮ್ ಅಯೋಡೈಡ್ ಜೊತೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದರೆ, ಮ್ಯಾಂಗನೀಸ್ ತನ್ನ ಲೆಕ್ಕಕ್ಕೆ ತಕ್ಕಷ್ಟು ಅಯೋಡಿನ್ ಬಿಡಿಸುತ್ತದೆ. ಆ ಅಯೋಡಿನ್ ಅನ್ನು ಇಲ್ಲವಾಗಿಸುವ ಹೈಪೋ ದ್ರಾವಣ ಬಿಡುತ್ತಾ ಬಂದು, ತಿಳಿ ಹಳದಿಗೆ ಇಳಿದಾಗ ಗಂಜಿ ಹಾಕಬೇಕು. ಫ್ಲಾಸ್ಕ್ ಕಡುನೀಲಿಯಾಗುತ್ತದೆ. ಹೋದ ಶುಕ್ರವಾರ ಅಂತಿಮ ವರ್ಷದ ಇಬ್ಬರು ಹುಡುಗಿಯರು ಇದನ್ನು ಮೂರು ಸಲ ಮಾಡಿದರು. ಮೊದಲ ಸಲ ಒಂದು ಹನಿ ಜಾಸ್ತಿ ಬಿತ್ತು. ಮೂರನೇ ಸಲ ಒಬ್ಬಳು ನಲ್ಲಿ ಹಿಡಿದಳು, ಇನ್ನೊಬ್ಬಳು ಬಿಳಿ ಹಾಳೆಯ ಮೇಲೆ ಫ್ಲಾಸ್ಕ್ ಅಲ್ಲಾಡಿಸಿದಳು. ಅರ್ಧ ಹನಿಗೆ ನೀಲಿ ಮಾಯವಾಯಿತು. ಇಬ್ಬರೂ ಬಾಗಿ ಓದಿದ ಅಂಕಿ ಒಂದೇ ಇತ್ತು.